ಬದಿಯಲ್ಲಿ ಕೂತದ್ದು

ಮೊದಲೇ ಹೇಳಿಬಿಡುತ್ತೇನೆ, ಇಂಥ ಕಥೆಗಳನ್ನು ನಂಬಿದವಳು ನಾನಲ್ಲ. ಹಬ್ಬದ ದಿನ ನಾಲ್ಕಾರು ಸಂಸಾರಗಳು ಒಟ್ಟು ಸೇರಿ, ಊಟ ಮುಗಿದು, ಎಲೆ ಎತ್ತಿದ ಮೇಲೆ ಯಾರಾದರೊಬ್ಬರು ಶುರು ಮಾಡುತ್ತಾರೆ. ಶಾರ್ಜಾದ ಯಾವುದೋ ಫ್ಲ್ಯಾಟಿನಲ್ಲಿ ನಲ್ಲಿ ತಾನಾಗಿ ತೆರೆದುಕೊಳ್ಳುತ್ತಿತ್ತಂತೆ, ಅಲ್ ಐನ್ ದಾರಿಯಲ್ಲಿ ಯಾರೋ ಕಾರಿಗೆ ಕೈ ತೋರಿಸಿದರಂತೆ, ಹಿಂದಿರುಗಿ ನೋಡಿದರೆ ಯಾರೂ ಇರಲಿಲ್ಲವಂತೆ. ಅಂಥ ಹೊತ್ತಿನಲ್ಲಿ ಎದ್ದು ಹೋಗಿ ಪಾತ್ರೆ ತೊಳೆಯುವವಳು ನಾನು. ಇಲ್ಲಿನ ನಮ್ಮ ಕನ್ನಡ ಬಳಗದ ಸಂಚಿಕೆಗೆ ಒಮ್ಮೆ ಇವನ್ನೆಲ್ಲ ತಮಾಷೆ ಮಾಡಿ ಒಂದು ಹರಟೆ ಬರೆದಿದ್ದೆ. ಅದನ್ನು ಓದಿ ನಕ್ಕವರಲ್ಲಿ ಕೆಲವರು ಇದನ್ನೂ ಓದಬಹುದು. ಅವರಿಗೆ ಹೇಳುವುದಿಷ್ಟೆ, ನಾನು ಇಲ್ಲಿ ಏನನ್ನೂ ಸೇರಿಸಿಲ್ಲ. ಸೇರಿಸುವ ಧೈರ್ಯವೂ ನನಗಿಲ್ಲ.

ನಮ್ಮ ಮನೆ ಅಬುಧಾಬಿಯಲ್ಲಿ, ಹಮ್ದಾನ್ ಸ್ಟ್ರೀಟಿನ ಹಿಂದಿನ ಸಾಲಿನ ಒಂದು ಹಳೆಯ ಕಟ್ಟಡದಲ್ಲಿ. ನನ್ನ ಆಫೀಸು ಅಲ್ಲೇ ನಡೆಯುವ ದೂರ. ಗಂಡ ಹರೀಶನಿಗೆ ಮುಸಫ್ಫಾದ ಫ್ಯಾಕ್ಟರಿಯೊಂದರಲ್ಲಿ ಕೆಲಸ, ಶನಿವಾರವೂ ಡ್ಯೂಟಿ. ಮಗಳು ಇಶಾನಿ ಆಗ ಕೆ.ಜಿ.ಯಲ್ಲಿದ್ದಳು. ಆ ಬೇಸಿಗೆಯಲ್ಲಿ ಹರೀಶನ ತಾಯಿ ವಿಸಿಟ್ ವೀಸಾದಲ್ಲಿ ಬಂದು ನಮ್ಮ ಜೊತೆಗಿದ್ದರು. ನಮ್ಮದು ತುಳು ಮನೆಮಾತು (ಇಲ್ಲಿ ಬರುವ ಮಾತುಗಳನ್ನು ಕನ್ನಡಕ್ಕೆ ತಂದು ಬರೆದಿದ್ದೇನೆ), ಅತ್ತೆಯನ್ನು ಮಾಮಿ ಎಂದು ಕರೆಯುವ ರೂಢಿ. ಮಾಮಿ ಬ್ರಹ್ಮಾವರದ ಕಡೆಯ ಶಾಲೆಯಲ್ಲಿ ಪಿ.ಟಿ. ಟೀಚರಾಗಿದ್ದು ನಿವೃತ್ತರಾದವರು. ಬಾಯಲ್ಲಿ ಈಗಲೂ ಸೀಟಿ ಇದೆಯೇನೋ ಎಂಬ ಹಾಗೆ ಮಾತಾಡುತ್ತಾರೆ. ದೇವರಿಗೆ ಕೈ ಮುಗಿಯುತ್ತಾರೆ, ಅಷ್ಟೆ. ಮೈಮೇಲೆ ಬರುವುದು, ಕಣ್ಣಿಗೆ ಕಾಣುವುದು, ಇಂಥದ್ದನ್ನೆಲ್ಲ ಅವರು ನನಗಿಂತ ಹೆಚ್ಚು ಗದರುವವರು.

ಆ ಶನಿವಾರ ಮಧ್ಯಾಹ್ನ ನಾನು ಆಟವಾಡಲು ಕೂತೆ. ಆಟ ಎಂದರೆ ಟಿವಿಗೆ ಹಾಕಿ ಆಡುವ ವಿಡಿಯೊ ಗೇಮ್. ನನ್ನ ವಯಸ್ಸಿನ ಹೆಂಗಸು ಇದನ್ನು ಆಡುತ್ತಾಳೆ ಎಂದರೆ ಬಳಗದಲ್ಲಿ ಕೆಲವರಿಗೆ ಆಶ್ಚರ್ಯ, ಆದರೆ ನಾನು ದುಬೈಯ ಕರಾಮದಲ್ಲಿ ಬೆಳೆದವಳು. ಅಪ್ಪ ಅಲ್ ಕೂಜಿನ ಪ್ರಿಂಟಿಂಗ್ ಪ್ರೆಸ್ಸೊಂದರಲ್ಲಿದ್ದರು, ಅಮ್ಮ ಒಂದು ಕ್ಲಿನಿಕ್ಕಿನ ರಿಸೆಪ್ಶನ್ನಿನಲ್ಲಿ. ನಾವಿದ್ದದ್ದು ಎರಡು ಕುಟುಂಬ ಹಂಚಿಕೊಂಡ ಫ್ಲ್ಯಾಟಿನ ಒಂದು ಕೋಣೆ. ಹೊರಗೆ ಆಡಲು ಬಿಸಿಲು ಬಿಡುತ್ತಿರಲಿಲ್ಲ. ಅಪ್ಪ ಒಮ್ಮೆ ಕೈಯಲ್ಲಿ ಹಿಡಿದು ಆಡುವ ಪುಟ್ಟ ಗೇಮ್ ಯಂತ್ರವೊಂದನ್ನು ತಂದುಕೊಟ್ಟರು. ಅದರ ಜೊತೆ ಎರಡು ಆಟಗಳು ಬಂದವು, ಎರಡೂ ಒಂದೇ ಸರಣಿಯವು. ಕಪ್ಪು ಬಂಡೆಯ ಮೇಲೆ ಒಂದು ಕೋಟೆ. ಲಾಟೀನು ಹಿಡಿದ ಹುಡುಗಿಯೊಬ್ಬಳು ಅದರೊಳಗೆ ಒಬ್ಬಳೇ ಹೋಗಿ, ಕೋಣೆಯಿಂದ ಕೋಣೆಗೆ ದಾರಿ ಹುಡುಕುತ್ತಾ, ಮೇಲಿನ ಗಂಟೆಗೋಪುರದವರೆಗೆ ತಲುಪಬೇಕು. ದಾರಿಯಲ್ಲಿ ತಾನಾಗಿ ನಡೆಯುವ ಉಕ್ಕಿನ ಕವಚಗಳು, ಮುಚ್ಚಳ ಸರಿದ ಶವಪೆಟ್ಟಿಗೆಗಳು, ಕುಸಿಯುವ ಮೆಟ್ಟಿಲುಗಳು. ಹಿಂದೆ ಚರ್ಚಿನ ಆರ್ಗನ್ನಿನ ಹಾಗೆ ಒಂದು ರಾಗ. ಈಗಿನ ಮಕ್ಕಳಿಗೆ ಅದು ಚೌಕ ಚೌಕ ಚುಕ್ಕಿಗಳ ಗೊಂಬೆಯಾಟ ಅನಿಸಬಹುದು. ನನಗೆ ಅದು ನಾನು ಇದ್ದು ಬಂದ ಮನೆಯ ಹಾಗೆ.

ಆ ಸರಣಿಯ ಮೂರೂ ಆಟಗಳನ್ನು ಸೇರಿಸಿ, ಚಿತ್ರ ತಿದ್ದಿ, ಒಂದೇ ಕಟ್ಟಾಗಿ ಮತ್ತೆ ಬಿಡುಗಡೆ ಮಾಡಿದ್ದಾರೆ ಎಂದು ಫೋನಿನಲ್ಲಿ ಜಾಹೀರಾತು ನೋಡಿದ ದಿನವೇ ನಾನದನ್ನು ಡೌನ್‌ಲೋಡ್ ಮಾಡಿದ್ದೆ. ಮೂರನೆಯದನ್ನು ನಾನು ಯಾವತ್ತೂ ಆಡಿರಲಿಲ್ಲ, ಆಗ ಅದು ನಮ್ಮ ಕೈಗೆ ಬಂದಿರಲಿಲ್ಲ. ಹೊಸದರಲ್ಲಿ ಒಂದು ಅನುಕೂಲವೂ ಇತ್ತು. ಎಲ್ಲಾದರೂ ಬಿದ್ದು ಸತ್ತರೆ ಒಂದು ಬಟನ್ ಒತ್ತಿ ಹಿಡಿದು ಆಟವನ್ನು ಸ್ವಲ್ಪ ಹಿಂದಕ್ಕೆ ಓಡಿಸಬಹುದಿತ್ತು. ಮಕ್ಕಳಾಗಿದ್ದಾಗ ಇದು ಇದ್ದಿದ್ದರೆ ಎಂದು ಎಷ್ಟು ಖುಷಿಯಾಯಿತೆಂದರೆ, ಇಶಾನಿ ಒಳಗೆ ನಿದ್ದೆ ಹೋದ ಕೂಡಲೇ ಪರದೆ ಎಳೆದು ಸೋಫಾದಲ್ಲಿ ಕೂತುಬಿಟ್ಟೆ.

ಮಾಮಿ ಊಟದ ಮೇಜಿನ ಕುರ್ಚಿಯೊಂದನ್ನು ಗೋಡೆಯ ಹತ್ತಿರ ಎಳೆದುಕೊಂಡು, ಮೊರವನ್ನು ಮಡಿಲಲ್ಲಿಟ್ಟು ಹರಿವೆ ಸೊಪ್ಪು ಬಿಡಿಸುತ್ತಿದ್ದರು. ಕೆಳಗಿನ ಬಕಾಲದಿಂದ, ಎಂದರೆ ಕಿರಾಣಿ ಅಂಗಡಿಯಿಂದ, ಬೆಳಿಗ್ಗೆ ಅವರೇ ಆರಿಸಿ ತಂದ ಸೊಪ್ಪು. ಅವರಿಗೆ ಟಿವಿ ಓರೆಯಾಗಿ ಕಾಣುತ್ತಿತ್ತು, ನಾನು ಕೂತ ಸೋಫಾ ಪೂರ್ತಿಯಾಗಿ.

ಮೊದಲ ಆಟ ಶುರುವಾಯಿತು. ಅದೇ ಹಳೆಯ ರಾಗ. ಲಾಟೀನಿನ ಹುಡುಗಿ ಬಾಗಿಲು ದಾಟಿ, ಎಡದ ಮೆಟ್ಟಿಲು ಹತ್ತಲು ಹೊರಟಳು.

"ಅಲ್ಲಿ ಹತ್ಬೇಡ. ಮೆಟ್ಲು ಕುಸಿತದೆ," ಎಂದರು ಮಾಮಿ, ಸೊಪ್ಪಿನಿಂದ ತಲೆ ಎತ್ತದೆ.

ಅಷ್ಟರಲ್ಲಿ ನಾನು ಹತ್ತಿ ಆಗಿತ್ತು. ಮೆಟ್ಟಿಲು ಕುಸಿಯಿತು. ಹುಡುಗಿ ಕೆಳಗಿನ ಮುಳ್ಳುಗಳ ಮೇಲೆ ಬಿದ್ದಳು. ನಾನು ನಕ್ಕು, ಬಟನ್ ಒತ್ತಿ ಹಿಂದಕ್ಕೆ ಓಡಿಸಿ, ಬಲಗಡೆಯಿಂದ ಹೋದೆ. ಹಳೆಯ ಕೋಟೆ ಎಂದ ಮೇಲೆ ಮೆಟ್ಟಿಲು ಕುಸಿಯುವುದು ಯಾರಿಗಾದರೂ ಹೊಳೆಯುವ ವಿಷಯ. ಪಿ.ಟಿ. ಟೀಚರಿಗಂತೂ ಮಕ್ಕಳು ಎಲ್ಲಿ ಬೀಳುತ್ತಾರೆ ಎಂಬುದು ಮೊದಲೇ ಗೊತ್ತಾಗುತ್ತದೆ ಎಂದುಕೊಂಡೆ.

ಸ್ವಲ್ಪ ಹೊತ್ತಿನ ಮೇಲೆ ಒಂದು ಉದ್ದದ ಪಡಸಾಲೆಯಲ್ಲಿ ನನಗೆ ದಾರಿ ಮರೆತುಹೋಯಿತು. ಹಿಂದೆ ಮುಂದೆ ಅಲೆದಾಡಿದೆ. ಮಾಮಿ ಅದೇ ಸ್ವರದಲ್ಲಿ, "ಕನ್ನಡಿ ಒಡಿ. ಅದರ ಹಿಂದೆ ಬಾಗ್ಲುಂಟು," ಎಂದರು. ಒಡೆದೆ. ಬಾಗಿಲಿತ್ತು. ಆಮೇಲೆ, "ಆ ಕವಚದ ಎದುರು ಓಡ್ಬೇಡ, ನಡಿ. ಓಡಿದ್ರೆ ಏಳ್ತದೆ." ನಡೆದೆ. ಅದು ಏಳಲಿಲ್ಲ.

ಮಾಮಿ ನಾನು ಆಫೀಸಿಗೆ ಹೋದಾಗ ಇಶಾನಿಯ ಜೊತೆ ಕೂತು ಇದನ್ನು ಆಡಿದ್ದಾರೆ, ಈಗ ನನ್ನನ್ನು ಆಟ ಆಡಿಸುತ್ತಿದ್ದಾರೆ ಎಂದೇ ನಾನು ತಿಳಿದದ್ದು. ನಗುತ್ತಲೇ, "ಮಾಮಿ, ನಿಮಗೆ ಇದೆಲ್ಲ ಯಾರು ಕಲಿಸಿದ್ದು?" ಎಂದು ಕೇಳಿದೆ.

ಅವರು ಸೊಪ್ಪಿನ ದಂಟು ಮುರಿಯುತ್ತಾ, "ಕಲಿಸುದೆಂತ? ಹೇಳ್ತಾ ಉಂಟಲ್ಲ," ಎಂದರು.

"ಯಾರು?"

"ನಿನ್ನ ಬದಿಯಲ್ಲಿ ಕೂತದ್ದು."

ಅದನ್ನು ಹೇಳಿದ ರೀತಿಯನ್ನು ನಾನು ಹೇಗೆ ಬರೆಯಲಿ. ಹೆದರಿಸುವ ಸ್ವರವಲ್ಲ, ತಮಾಷೆಯ ಸ್ವರವೂ ಅಲ್ಲ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು ಎಂದು ಹೇಳುವ ಹಾಗೆ ಹೇಳಿದರು. ನಾನು ಬಲಗಡೆ ನೋಡಿದೆ. ಸೋಫಾದ ಅರ್ಧ ಖಾಲಿ ಇತ್ತು. ನಮ್ಮ ಕಡೆ ಮಕ್ಕಳ ಬಗ್ಗೆ, ಹೆಣ್ಣುಮಕ್ಕಳ ಬಗ್ಗೆ 'ಅದು' ಎಂದೇ ಮಾತಾಡುವುದುಂಟು, ಅದರಲ್ಲಿ ಅಗೌರವವೇನಿಲ್ಲ. ಆದ್ದರಿಂದ ಅವರು ಹೇಳಿದ್ದು ಯಾರನ್ನು, ಏನನ್ನು ಎಂದು ನನಗೆ ತಿಳಿಯಲಿಲ್ಲ. ಇಶಾನಿ ಎದ್ದು ಬಂದು ಸೋಫಾದ ಹಿಂದೆ ಅಡಗಿದ್ದಾಳೇನೋ ಎಂದು ಬಗ್ಗಿ ನೋಡಿದೆ. ಇರಲಿಲ್ಲ. ಕೋಣೆಯ ಬಾಗಿಲು ಅರ್ಧ ತೆರೆದಿತ್ತು, ಮಂಚದ ಮೇಲೆ ಅವಳ ಕಾಲು ಕಾಣುತ್ತಿತ್ತು.

ಆಗಲೇ ಆಟ ನಿಲ್ಲಿಸಬಹುದಿತ್ತು. ಏಕೆ ನಿಲ್ಲಿಸಲಿಲ್ಲ ಎಂದು ಹರೀಶ ಆಮೇಲೆ ಎಷ್ಟೋ ಸಲ ಕೇಳಿದ್ದಾನೆ. ನಿಲ್ಲಿಸಿದರೆ ನಾನು ಹೆದರಿದೆ ಎಂದಾಗುತ್ತದೆ, ಹೆದರಿದೆ ಎಂದರೆ ನಂಬಿದೆ ಎಂದಾಗುತ್ತದೆ ಎಂಬ ಹಟವೋ ಏನೋ. ಮುಂದೆ ಹೋದೆ.

ಮುಂದಿನ ತಿರುವಿನಲ್ಲಿ ಮಾಮಿ, "ಧೋಬಿ ಕೋಣೆಗೆ ಹೋಗ್ಬೇಡ ಅಂತ ಹೇಳ್ತಾ ಉಂಟು," ಎಂದರು.

ಧೋಬಿ ಕೋಣೆ ಎಂಬ ಹೆಸರು ಆಟದಲ್ಲಿ ಇಲ್ಲ. ಎಲ್ಲಿಯೂ ಇಲ್ಲ. ಆ ಕೋಣೆಯಲ್ಲಿ ಮೇಲಿನಿಂದ ಬಿಳಿ ಹೆಣವಸ್ತ್ರಗಳು ಸಾಲಾಗಿ ತೂಗುತ್ತವೆ, ಒಳಗೆ ಹೋದರೆ ಅವು ಸುತ್ತಿಕೊಳ್ಳುತ್ತವೆ. ಕರಾಮದಲ್ಲಿ ನಮ್ಮ ಕಟ್ಟಡದ ಕೆಳಗೆ ಇಸ್ತ್ರಿ ಅಂಗಡಿಯಿತ್ತು, ಅಲ್ಲಿ ಅರಬರು ತೊಡುವ ಬಿಳಿ ನಿಲುವಂಗಿ ಕಂದೂರಗಳನ್ನು ಹೀಗೇ ಸಾಲಾಗಿ ತೂಗುಹಾಕುತ್ತಿದ್ದರು. ಅದಕ್ಕೇ ಆ ಹೆಸರು. ನಾನು ಆಡುವಾಗ ನನ್ನ ಪಕ್ಕದಲ್ಲಿ ಕೂತು ದಾರಿ ಹೇಳಿಕೊಡುತ್ತಿದ್ದ ಅಣ್ಣ ಪ್ರವೀಣ ಇಟ್ಟ ಹೆಸರದು. ಅವನಿಗೂ ನನಗೂ ಬಿಟ್ಟರೆ ಮೂರನೆಯವರಿಗೆ ತಿಳಿಯುವ ಸಂಭವವೇ ಇರಲಿಲ್ಲ. ಹರೀಶನಿಗೂ ನಾನು ಹೇಳಿರಲಿಲ್ಲ.

ಪ್ರವೀಣಣ್ಣನಿಗೆ ಏನೋ ಆಗಿದೆ ಎಂದೇ ಆ ಕ್ಷಣ ನನ್ನ ತಲೆಗೆ ಬಂದದ್ದು. ಅವನು ದುಬೈಯಲ್ಲಿದ್ದಾನೆ, ಅಲ್ ಕೂಜಿನಲ್ಲಿ ಹೋಟೆಲುಗಳ ಅಡುಗೆ ಸಾಮಾನಿನ ಗೋದಾಮು ನೋಡಿಕೊಳ್ಳುತ್ತಾನೆ. ಆಟವನ್ನು ಹಾಗೇ ಬಿಟ್ಟು ಫೋನ್ ಮಾಡಿದೆ. ಎತ್ತಿದ.

"ಎಂತ ಮಾರಾಯ್ತಿ, ಲೋಡಿಂಗಿನಲ್ಲಿದ್ದೇನೆ," ಎಂದ. ಹಿಂದೆ ಫೋರ್ಕ್‌ಲಿಫ್ಟಿನ ಸದ್ದು ಕೇಳಿಸುತ್ತಿತ್ತು.

"ಏನಿಲ್ಲ, ಸುಮ್ಮನೆ. ನೀನು ಹುಷಾರಾಗಿದ್ದೀಯಲ್ಲ?"

"ಹುಷಾರೇ. ಸಂಜೆ ಮಾಡ್ತೇನೆ."

ಅವನ ಸ್ವರ ಕೇಳಿ ಜೀವ ಬಂದಂತಾಯಿತು. ಆದರೆ ಫೋನ್ ಕೆಳಗಿಟ್ಟ ಮೇಲೆ ಮೊದಲಿಗಿಂತ ಹೆಚ್ಚು ಭಯವಾಯಿತು. ಅಣ್ಣ ಗೋದಾಮಿನಲ್ಲಿ ಜೀವಂತ ನಿಂತಿದ್ದಾನೆ. ಹಾಗಾದರೆ ಅವನ ಮಾತನ್ನು ಇಲ್ಲಿ ಕೂತು ಹೇಳುತ್ತಿರುವುದು ಯಾರು?

ನಾನೇ ಗೊಣಗಿರಬೇಕು ಎಂದುಕೊಂಡೆ. ಆಡುವಾಗ ಅರಿವಿಲ್ಲದೆ ಬಾಯಲ್ಲಿ ದಾರಿ ಹೇಳಿಕೊಂಡಿದ್ದೇನೆ, ಮಾಮಿ ಅದನ್ನು ಕೇಳಿ ತಿರುಗಿ ಹೇಳುತ್ತಿದ್ದಾರೆ. ಸರಿಯಾದ ವಿವರಣೆ ಇದೊಂದೇ. ಪರೀಕ್ಷಿಸಲು ಒಂದು ದಾರಿಯೂ ಇತ್ತು. ಮೂರನೆಯ ಆಟದ ದಾರಿ ನನಗೇ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊಣಗಲು ಬರುವುದಿಲ್ಲ. ನಾನು ತುಟಿ ಬಿಗಿಹಿಡಿದು ಮೂರನೆಯ ಆಟ ಹಾಕಿದೆ.

ಅದೇ ಕೋಟೆ, ಆದರೆ ಸುಟ್ಟುಹೋದದ್ದು. ಗೋಡೆಗಳೆಲ್ಲ ಮಸಿ. ಲಾಟೀನಿನ ಹುಡುಗಿ ಈಗ ಸ್ವಲ್ಪ ದೊಡ್ಡವಳಾಗಿದ್ದಳು. ಮಾಮಿ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ನನಗೆ ಗೆದ್ದ ಸಮಾಧಾನ ಬರತೊಡಗಿತು. ಮೂರು ಬಾಗಿಲುಗಳ ಎದುರು ನಿಂತೆ.

"ಮೂರೂ ಅಲ್ಲ. ಕೆಳಗೆ ನೋಡು, ಬಾವಿ," ಎಂದರು ಮಾಮಿ.

ಬಾವಿ ಕಾಣುತ್ತಿರಲಿಲ್ಲ. ನೆಲದ ಕಲ್ಲಿನ ಮೇಲೆ ನಿಂತು ಕೆಳಗಿನ ಬಟನ್ ಒತ್ತಿದೆ. ಕಲ್ಲು ಸರಿದು ಹುಡುಗಿ ಬಾವಿಯೊಳಗೆ ಇಳಿದಳು. ಅಲ್ಲಿಂದ ಒಂದಾದ ಮೇಲೊಂದರಂತೆ ಮಾಮಿ ಹೇಳುತ್ತಾ ಹೋದರು, ನಾನು ಮಾಡುತ್ತಾ ಹೋದೆ. ಒಂದೂ ತಪ್ಪಲಿಲ್ಲ. ಆ ಮಾತುಗಳ ನಡುವೆ ಒಂದು ಸಣ್ಣ ಬಿಡುವಿರುತ್ತಿತ್ತು. ಯಾರೋ ಹೇಳುವುದನ್ನು ಪೂರ್ತಿ ಕೇಳಿಸಿಕೊಂಡು, ಆಮೇಲೆ ನಮಗೆ ದಾಟಿಸುವಾಗ ಬರುವಂಥ ಬಿಡುವು. ಅವರ ಕಣ್ಣು ಟಿವಿಯ ಮೇಲೂ ಇರಲಿಲ್ಲ, ನನ್ನ ಮೇಲೂ ಇರಲಿಲ್ಲ. ನನ್ನ ಬಲಗಡೆ, ನನ್ನ ಭುಜಕ್ಕಿಂತ ಸ್ವಲ್ಪ ಕೆಳಗೆ ಇತ್ತು. ಕೂತ ಮಗುವಿನ ಮುಖ ಇರುವಷ್ಟು ಎತ್ತರದಲ್ಲಿ. ಕೈ ಮಾತ್ರ ಸೊಪ್ಪು ಬಿಡಿಸುತ್ತಲೇ ಇತ್ತು.

ಕೊನೆಗೆ ಒಂದು ಎತ್ತರದ ಕಬ್ಬಿಣದ ಬಾಗಿಲಿನ ಎದುರು ಬಂದು ನಿಂತೆವು. ನಿಂತೆವು ಎಂದೇ ಬರೆದಿದ್ದೇನೆ, ನೋಡಿ. ಆಗ ಹಾಗೆಯೇ ಅನಿಸಿತ್ತು. ಸಂಗೀತ ನಿಂತುಹೋಯಿತು. ಆಗಲೇ ಇಶಾನಿ ಕೋಣೆಯಿಂದ ಹೊರಗೆ ಬಂದಳು.

ನಿದ್ದೆಯಿಂದ ಎದ್ದ ಮಗು ಸಾಮಾನ್ಯವಾಗಿ ಸೀದಾ ಬಂದು ನನ್ನ ಮಡಿಲಿಗೆ ಬೀಳುತ್ತದೆ. ಅವಳು ಅರ್ಧ ದಾರಿಯಲ್ಲಿ ನಿಂತಳು. ಸೋಫಾದ ಖಾಲಿ ಜಾಗವನ್ನು ನೋಡಿದಳು. ಆಮೇಲೆ, ಯಾರೋ ಕರೆದಂತೆ, ಎರಡು ಕೈಗಳನ್ನೂ ಮುಂದೆ ಚಾಚಿ ನನ್ನ ಕಡೆ ಬಂದಳು.

"ಅಮ್ಮಾ, ಮೈ ಟರ್ನ್," ಎಂದಳು.

ಮಾಮಿ ಹೇಳಿದರು, "ಇನ್ನು ಮಗುವಿನ ಕೈಗೆ ಕೊಡು ಅಂತುಂಟು. ನೀನು ದೊಡ್ಡವಳಾದಿ, ನಿನ್ನದು ಸಾಕು ಅಂತುಂಟು."

ಹೇಳಿ ಮುಗಿಸಿದ ಕೂಡಲೇ ಅವರ ಕೈ ನಿಂತಿತು. ತಾನು ಏನು ಹೇಳಿದೆ ಎಂಬುದು ಅವರಿಗೆ ಆಗಲೇ ಕೇಳಿಸಿತೋ ಏನೋ. ಮುಖ ಬದಲಾಯಿತು. ಮೊರ ಮಡಿಲಿನಿಂದ ಜಾರಿ ಸೊಪ್ಪೆಲ್ಲ ನೆಲಕ್ಕೆ ಚೆಲ್ಲಿತು. ಆ ವಯಸ್ಸಿನ ಹೆಂಗಸು ಅಷ್ಟು ಬೇಗ ಎದ್ದದ್ದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಇಶಾನಿಯನ್ನು ಸೊಂಟಕ್ಕೆ ಕೈ ಹಾಕಿ ಎತ್ತಿಕೊಂಡು ಅಡುಗೆಮನೆಯ ಬಾಗಿಲಿನವರೆಗೆ ಹಿಂದೆ ಹಿಂದೆ ಸರಿದರು. ಬೆನ್ನು ತಿರುಗಿಸಲಿಲ್ಲ. ಮಗು ಕೈ ಚಾಚಿಕೊಂಡೇ ಅಳತೊಡಗಿತು.

"ಕೊಡುದಿಲ್ಲ ಅಂತ ಹೇಳು," ಎಂದರು ಮಾಮಿ, ಮೈದಾನದ ಆ ತುದಿಯವರಿಗೂ ಕೇಳಿಸುವ ತಮ್ಮ ಹಳೆಯ ಸ್ವರದಲ್ಲಿ. "ನಾನು ಹೇಳಿದ್ರೆ ಆಗುದಿಲ್ಲ. ನೀನು ಹೇಳು."

ಕಂಟ್ರೋಲರನ್ನು ಎದೆಗೆ ಒತ್ತಿಕೊಂಡಿದ್ದೆ. ಬಲಗಡೆ ನೋಡುವ ಧೈರ್ಯವಿರಲಿಲ್ಲ, ನೋಡದೆ ಹೇಳುವುದೂ ಸರಿಯಲ್ಲ ಅನಿಸಿತು. ಕುತ್ತಿಗೆ ತಿರುಗಿಸಿ ಆ ಖಾಲಿ ಜಾಗಕ್ಕೆ ತುಳುವಿನಲ್ಲಿ, "ಕೊರ್ಪುಜಿ," ಎಂದೆ. ಕೊಡುವುದಿಲ್ಲ. ಮತ್ತೊಮ್ಮೆ ಹೇಳಿದೆ. ನನ್ನ ಸ್ವರ ನನಗೇ ಚಿಕ್ಕ ಹುಡುಗಿಯ ಸ್ವರದಂತೆ ಕೇಳಿಸಿತು.

ಏನೂ ಆಗಲಿಲ್ಲ. ಏಸಿಯ ಸದ್ದು, ಇಶಾನಿಯ ಬಿಕ್ಕು. ಆಮೇಲೆ ನನ್ನ ಪಕ್ಕದ ಮೆತ್ತೆ ಮೆಲ್ಲಗೆ ಉಬ್ಬಿಕೊಂಡು ಮೇಲೆ ಬಂತು. ಯಾರಾದರೂ ಬಹಳ ಹೊತ್ತು ಕೂತು ಎದ್ದರೆ ಸ್ಪಂಜು ಹೇಗೆ ನಿಧಾನಕ್ಕೆ ತುಂಬಿಕೊಳ್ಳುತ್ತದೆಯೋ ಹಾಗೆ. ಅಲ್ಲಿಯವರೆಗೆ ಅದು ತಗ್ಗಿತ್ತು ಎಂಬುದೇ ನನ್ನ ಗಮನಕ್ಕೆ ಬಂದಿರಲಿಲ್ಲ.

ನಾನು ಟಿವಿ ಆರಿಸಲಿಲ್ಲ, ಸೊಪ್ಪು ತೆಗೆಯಲಿಲ್ಲ. ಮೂವರೂ ಚಪ್ಪಲಿ ಸಿಕ್ಕಿಸಿಕೊಂಡು ಲಿಫ್ಟಿಗೆ ಓಡಿದೆವು. ಹೊರಗೆ ಬಿಸಿಲು ಕಣ್ಣು ಬಿಡಲಾಗದ ಹಾಗೆ ಹೊಡೆಯುತ್ತಿತ್ತು, ರಸ್ತೆಯಲ್ಲಿ ಜನವೇ ಇರಲಿಲ್ಲ. ಮೂಲೆಯ ಕೆಫೆಟೇರಿಯಾದಲ್ಲಿ ಹೋಗಿ ಕೂತೆವು. ಮಾಮಿ ಮಗುವನ್ನು ಮಡಿಲಿನಿಂದ ಇಳಿಸಲಿಲ್ಲ. ಚಹಾ ತಂದಿಟ್ಟವನು ನಮ್ಮ ಮುಖ ನೋಡಿ ಏಸಿಯನ್ನು ನಮ್ಮ ಕಡೆ ತಿರುಗಿಸಿ ಹೋದ. ನಾವು ನಡುಗುತ್ತಿದ್ದದ್ದು ಅವನಿಗೆ ಸೆಕೆಯಿಂದ ಬಳಲಿದಂತೆ ಕಂಡಿರಬೇಕು. ಹರೀಶ ಡ್ಯೂಟಿ ಬಿಟ್ಟು ಬರುವವರೆಗೂ ಅಲ್ಲೇ ಇದ್ದೆವು.

ಹರೀಶ ಎಲ್ಲ ಕೇಳಿ, ತಾನೊಬ್ಬನೇ ಮೇಲೆ ಹೋಗಿ, ಟಿವಿ ಆರಿಸಿ, ನೆಲ ಗುಡಿಸಿ, ಕೆಳಗೆ ಬಂದು ನಮ್ಮನ್ನು ಕರೆದುಕೊಂಡು ಹೋದ. ಅವನು ಬೈಯಲಿಲ್ಲ. "ಸೆಕೆಗೆ ಅಮ್ಮನ ಬಿಪಿ ಹೆಚ್ಚು ಕಮ್ಮಿ ಆಗಿರ್ಬೇಕು. ನೀನು ಬಾಯಲ್ಲಿ ಹೇಳ್ಕೊಂಡದ್ದನ್ನೇ ಅಮ್ಮ ಹೇಳಿದ್ದು," ಎಂದ. ಮೂರನೆಯ ಆಟದ ವಿಷಯ ಹೇಳಿದೆ. "ಇಂಟರ್ನೆಟ್ಟಿನಲ್ಲಿ ಎಲ್ಲೋ ನೋಡಿರ್ತಿ," ಎಂದ. ಮೆತ್ತೆಯ ವಿಷಯ ಹೇಳಿದಾಗ ಎದ್ದು ಹೋಗಿ ಬಾಗಿಲ ಚಿಲಕ ನೋಡಿ ಬಂದ. ಆ ರಾತ್ರಿ ನಾವೆಲ್ಲ ಒಂದೇ ಕೋಣೆಯಲ್ಲಿ ಮಲಗಿದೆವು, ಅದನ್ನು ಸೂಚಿಸಿದವನು ಅವನೇ.

ಮಾಮಿಯ ಬಿಪಿ ಸರಿಯಾಗಿಯೇ ಇತ್ತು.

ಮರುದಿನ ಭಾನುವಾರ ಪ್ರವೀಣಣ್ಣ ದುಬೈಯಿಂದ ಬಂದ. ಫೋನಿನಲ್ಲಿ ನನ್ನ ಸ್ವರ ಸರಿಯಿಲ್ಲ ಎಂದು ಅವನಿಗೆ ಅನಿಸಿತ್ತಂತೆ. ಊಟದ ಮೊದಲು ಅವನನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ಧೋಬಿ ಕೋಣೆಯ ಮಾತು ಬಂದಾಗ ಅವನು ಹುಬ್ಬು ಗಂಟಿಕ್ಕಿ, "ಎಂತ ಕೋಣೆ?" ಎಂದ.

"ನೀನೇ ಇಟ್ಟ ಹೆಸರಲ್ಲವಾ ಅಣ್ಣಾ. ನಾನು ಆಡುವಾಗ ಪಕ್ಕದಲ್ಲಿ ಕೂತು ದಾರಿ ಹೇಳ್ತಿದ್ದೆಯಲ್ಲ, ಮಂಚಕ್ಕೂ ಗೋಡೆಗೂ ನಡುವೆ."

ಅವನು ಬಾಲ್ಕನಿಯ ಬಾಗಿಲು ಎಳೆದುಕೊಂಡ. ಆಮೇಲೆ ನಿಧಾನವಾಗಿ, "ನೀನು ಆಡ್ತಿದ್ದದ್ದು ಯಾವಾಗ?" ಎಂದು ಕೇಳಿದ.

"ಮಧ್ಯಾಹ್ನ. ಶಾಲೆಯಿಂದ ಬಂದ ಮೇಲೆ."

"ಮಧ್ಯಾಹ್ನ ನಾನೆಲ್ಲಿರ್ತಿದ್ದೆ ಮಾರಾಯ್ತಿ? ನಮ್ಮ ಶಾಲೆ ಶಿಫ್ಟಿನದ್ದಲ್ವಾ."

ನಿಜ. ದುಬೈಯ ನಮ್ಮ ಶಾಲೆಯಲ್ಲಿ ಬೆಳಿಗ್ಗೆ ಹುಡುಗಿಯರು, ಮಧ್ಯಾಹ್ನ ಹುಡುಗರು. ನನ್ನ ಬಸ್ಸು ಬರುವ ಹೊತ್ತಿಗೆ ಅವನ ಬಸ್ಸು ಹೋಗಿರುತ್ತಿತ್ತು. ಅವನು ಮನೆಗೆ ಬರುವಾಗ ಕತ್ತಲಾಗಿರುತ್ತಿತ್ತು. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಆದರೂ ಇಷ್ಟು ವರ್ಷ, ಆ ಬಿಸಿಲಿನ ಕೋಣೆಯಲ್ಲಿ ನನ್ನ ಪಕ್ಕ ಅವನು ಕೂತಿದ್ದ ಎಂದೇ ನಾನು ನೆನಪಿಟ್ಟುಕೊಂಡು ಬಂದಿದ್ದೆ.

"ಅಮ್ಮ ನಿನಗೆ ಹೇಳ್ಬೇಡ ಅಂದಿದ್ರು," ಎಂದ ಅಣ್ಣ. "ಒಂದು ದಿನ ಅಮ್ಮ ಕ್ಲಿನಿಕ್ಕಿನಿಂದ ಬೇಗ ಬಂದ್ರು. ನೀನು ಆ ಸಂದಿನಲ್ಲಿ ಕೂತು ಮಾತಾಡ್ತಾ ಇದ್ದಿ. ಮಕ್ಕಳು ಒಬ್ಬರೇ ಮಾತಾಡುದುಂಟು, ಅದಕ್ಕೆ ಹೆದರಿದ್ದಲ್ಲ. ನೀನು ಏನೋ ಪ್ರಶ್ನೆ ಕೇಳ್ತಿದ್ದಿ, ಮತ್ತೆ ಸುಮ್ಮನೆ ಕಾಯ್ತಿದ್ದಿ, ಮತ್ತೆ ಹೂಂ ಅಂತಿದ್ದಿ. ಅಷ್ಟು ಸರಿಯಾಗಿ ಕಾಯ್ತಿದ್ದಿ ಅಂತೆ. ಅಮ್ಮ ಕರೆದ್ರೆ ನೀನು ಬಾಯಿಗೆ ಬೆರಳಿಟ್ಟು ಸುಮ್ಮನಿರಿ ಅಂದಿಯಂತೆ. ಮರುದಿನವೇ ಗೇಮನ್ನು ಯಾರಿಗೋ ಕೊಟ್ಟುಬಿಟ್ರು. ಹಾಳಾಯ್ತು ಅಂತ ನಿನಗೆ ಹೇಳಿದ್ದು. ಸ್ವಲ್ಪ ಸಮಯ ನಿನ್ನನ್ನು ದಿನಾ ಕ್ಲಿನಿಕ್ಕಿಗೆ ಕರ್ಕೊಂಡು ಹೋಗ್ತಿದ್ರು, ನೆನಪುಂಟಾ?"

ಕ್ಲಿನಿಕ್ಕಿನ ನೆನಪಿತ್ತು. ಅಲ್ಲಿನ ಡೆಟಾಲ್ ವಾಸನೆ, ಅಮ್ಮನ ಮೇಜಿನ ಕೆಳಗೆ ಕೂತು ಹೋಮ್‌ವರ್ಕ್ ಮಾಡಿದ್ದು ಎಲ್ಲ ನೆನಪಿತ್ತು. ಏಕೆ ಕರೆದುಕೊಂಡು ಹೋಗುತ್ತಿದ್ದರು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಅಮ್ಮ ಈಗ ಇಲ್ಲ. ಅವರನ್ನು ಕೇಳುವ ಹಾಗಿಲ್ಲ.

ಅಣ್ಣನೇ ಆ ಆಟಗಳನ್ನು ಅಳಿಸಿ ಹಾಕಿದ. ಸೋಫಾವನ್ನು ಹರೀಶ ಯಾರಿಗೂ ಕೊಡಲು ಒಪ್ಪದೆ ಬಿಲ್ಡಿಂಗಿನವರಿಗೆ ಹೇಳಿ ಹೊರಗೆ ಸಾಗಿಸಿದ. ವಿವರಣೆಯಿದೆ ಎಂದವನು ಸೋಫಾ ಏಕೆ ಬಿಸಾಡಿದ ಎಂದು ನಾನೂ ಕೇಳಲಿಲ್ಲ. ಇಶಾನಿ ಒಂದೆರಡು ದಿನ ಸಪ್ಪಗಿದ್ದು ಆಮೇಲೆ ಮಾಮೂಲಿನಂತೆ ಆದಳು. ಅವಳಿಗೆ ಆ ದಿನದ ನೆನಪಿದೆಯೋ ಇಲ್ಲವೋ ತಿಳಿಯದು. ಏನು ನೋಡಿ ನಿಂತೆ, ಯಾರು ಕರೆದರು ಎಂದು ನಾನು ಇವತ್ತಿನವರೆಗೆ ಅವಳನ್ನು ಕೇಳಿಲ್ಲ. ಕೇಳಿದರೆ ಅವಳು ಉತ್ತರ ಹೇಳಿಬಿಟ್ಟಾಳು ಎಂಬ ಭಯ.

ಮಾಮಿ ಅದರ ಬಗ್ಗೆ ಮಾತೇ ಎತ್ತಲಿಲ್ಲ. ನಾನು ಎತ್ತಿದರೆ, "ಬಿಡು ಅದನ್ನು," ಎಂದು ಎದ್ದು ಹೋಗುತ್ತಿದ್ದರು. ವೀಸಾ ಮುಗಿದು ಊರಿಗೆ ಹೊರಟ ದಿನ, ಏರ್‌ಪೋರ್ಟಿನಲ್ಲಿ ಹರೀಶ ಟ್ರಾಲಿ ತರಲು ಹೋದಾಗ, ಇನ್ನು ಕೇಳದಿದ್ದರೆ ಆಗಲಿಕ್ಕಿಲ್ಲ ಎಂದು ಕೇಳಿಯೇಬಿಟ್ಟೆ. ಅದು ಹೇಗಿತ್ತು ಮಾಮಿ, ಎಂದೆ.

"ಮುಖ ಕಾಣ್ಲಿಲ್ಲ," ಎಂದರು. "ನಿನ್ನ ಕಡೆಗೇ ತಿರುಗಿ ಕೂತಿತ್ತು. ಒಂದು ಮಾತು ಹೇಳ್ತೇನೆ, ಬೇಜಾರು ಮಾಡ್ಬೇಡ. ನೀನು ಬಂದು ಮೊದಲು ಸೋಫಾದ ಮಧ್ಯದಲ್ಲಿ ಕೂತಿ. ಟಿವಿ ಹಾಕುವ ಮೊದಲು ಎಡಕ್ಕೆ ಸರಿದಿ. ಮೆತ್ತೆಯನ್ನು ಕೈಯಲ್ಲಿ ತಟ್ಟಿ ಸರಿ ಮಾಡಿದಿ. ಆಮೇಲೆಯೇ ಅದು ಬಂದು ಕೂತದ್ದು. ಯಾರಿಗೆ ಜಾಗ ಮಾಡ್ತಾಳೆ ಇವಳು ಅಂತ ನಾನು ನೋಡ್ತಾನೇ ಇದ್ದೆ."

ಅಷ್ಟರಲ್ಲಿ ಹರೀಶ ಬಂದ. ಮಾಮಿ ನನ್ನ ತಲೆ ಸವರಿ ಒಳಗೆ ಹೋದರು.

ಎಷ್ಟು ನೆನಪಿಸಿಕೊಂಡರೂ ನಾನು ಸರಿದದ್ದು ನನಗೆ ನೆನಪಿಲ್ಲ. ಇದಕ್ಕೆ ಏನು ಅರ್ಥವೆಂದು ನನಗೆ ಗೊತ್ತಿಲ್ಲ, ಓದಿದ ನಿಮಗೆ ಏನಾದರೂ ಹೊಳೆದರೆ ದಯವಿಟ್ಟು ಅದು ನಿಮ್ಮಲ್ಲೇ ಇರಲಿ. ಈಗ ಮನೆಯಲ್ಲಿ ಬೇರೆ ಸೋಫಾ ಇದೆ. ಒಬ್ಬಳೇ ಇರುವಾಗ ಬೇಕೆಂದೇ ಅದರ ನಟ್ಟನಡುವೆ ಕೂರುತ್ತೇನೆ. ಆದರೂ ಏನಾದರೂ ಓದುತ್ತಾ ಮೈಮರೆತು ಆಮೇಲೆ ತಲೆ ಎತ್ತಿ ನೋಡಿದರೆ, ಕೆಲವು ದಿನ, ನಾನು ಎಡದ ತುದಿಯಲ್ಲಿರುತ್ತೇನೆ.